ಕುಡಿತದಿಂದ ಬಿಡುಗಡೆ: ಕ್ರೈಸ್ತ ವಿಶ್ವಾಸವನ್ನು ಆಧರಿಸಿ ಚೇತರಿಸಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಕುಡಿತ ಬಿಡಲು ಪ್ರಾರ್ಥನೆಯನ್ನೇ ನೆಚ್ಚಿಕೊಂಡ ಎಷ್ಟೋ ವಿಶ್ವಾಸಿಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಧ್ಯಾನಕೂಟದಲ್ಲಿ ಕಣ್ಣೀರಿಟ್ಟು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುತ್ತಾರೆ, ಮುಂದಿನ ಭಾನುವಾರವೇ ಸಭೆಯ ಎದುರು ನಿಂತು ಸಾಕ್ಷಿ ಹೇಳುತ್ತಾರೆ, ಕೆಲವೇ ವಾರಗಳಲ್ಲಿ ಗುಟ್ಟಾಗಿ ಒಂದು ಟೆಟ್ರಾ ಪ್ಯಾಕ್ ಕೊಂಡು ಕುಡಿದು, ಆ ನಾಚಿಕೆಯಲ್ಲಿ ಚರ್ಚಿನ ಕಡೆ ಮುಖ ಹಾಕುವುದನ್ನೇ ಬಿಡುತ್ತಾರೆ. ಅವರ ವಿಶ್ವಾಸ ಸುಳ್ಳಾಗಿತ್ತೆಂದು ನಾನು ಒಪ್ಪುವುದಿಲ್ಲ. ಕೊನೆಯಲ್ಲಿ ಮಾಡಬೇಕಾದದ್ದನ್ನು ಅವರು ಮೊದಲೇ ಮಾಡಿರುತ್ತಾರೆ. ಮೊದಲು ಮಾಡಬೇಕಾದ ಎರಡು ಮೂರು ಕೆಲಸಗಳನ್ನು ಅವರಿಗೆ ಯಾರೂ ಹೇಳಿಕೊಟ್ಟೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಹೆಜ್ಜೆಗಳ ಕ್ರಮಕ್ಕೆ ಹೆಚ್ಚಿನ ಒತ್ತು ಕೊಟ್ಟಿದ್ದೇನೆ. ದಯವಿಟ್ಟು ಆ ಕ್ರಮವನ್ನು ಬದಲಿಸಬೇಡಿ.

ಈ ಬರಹ ಮುಖ್ಯವಾಗಿ ಮದ್ಯವ್ಯಸನಕ್ಕೆ ಸಂಬಂಧಿಸಿದ್ದು. ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಅನ್ವಯಿಸುತ್ತದೆ. ಎಲ್ಲಿ ಎರಡು ಸಂಪ್ರದಾಯಗಳ ನಡೆ ಬೇರೆಯಾಗುತ್ತದೋ ಅಲ್ಲಿ ಬೇರೆಯಾಗಿಯೇ ಹೇಳಿದ್ದೇನೆ.

ಆರಂಭಿಸುವ ಮುನ್ನ ಸಿದ್ಧವಿರಬೇಕಾದವು

ಒಂದು ಬೈಬಲ್, ಒಂದು ನೋಟ್‌ಬುಕ್, ಮೂರು ದೂರವಾಣಿ ಸಂಖ್ಯೆಗಳನ್ನು ಉಳಿಸಿಕೊಂಡ ಫೋನ್ ಮತ್ತು ನಿಮ್ಮ ಹಣವನ್ನು ಕೆಲವು ತಿಂಗಳು ನೋಡಿಕೊಳ್ಳಬಲ್ಲ ಮನೆಯ ಒಬ್ಬ ಸದಸ್ಯರು ಇದ್ದರೆ ಸಾಕು. ಮೂರು ಸಂಖ್ಯೆಗಳಲ್ಲಿ ಒಂದು ನೀವು ನಂಬುವ ವ್ಯಕ್ತಿಯದು. ಉಳಿದೆರಡು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಗಳು: ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್‌ನ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಸಾಯಬೇಕೆಂಬ ಯೋಚನೆ ಬಂದ ಕ್ಷಣದಲ್ಲಿ ಯಾವ ಹೆಜ್ಜೆಗೂ ಕಾಯದೆ ಕರೆಯಬೇಕಾದ ಸಂಖ್ಯೆಯೂ ಅದೇ.

ಹಂತ 1: ಮೊದಲು ವೈದ್ಯರು

ಹಲವು ವರ್ಷ ಪ್ರತಿದಿನ ಕುಡಿದ ದೇಹ ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದಾಗ ಸಾಮಾನ್ಯವಾಗಿ ಮೊದಲ ದಿನದೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ, ನಿದ್ರಾಹೀನತೆ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಬರುತ್ತದೆ. ಆಗ ಹೊತ್ತುಗೊತ್ತು ತಿಳಿಯುವುದಿಲ್ಲ, ಇಲ್ಲದ ಮನುಷ್ಯರೂ ಹುಳುಗಳೂ ಕಾಣುತ್ತವೆ, ಮೈ ಸುಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಪ್ರಾಣವೇ ಹೋಗಬಹುದು.

ಇಂಥ ರೋಗಿಯನ್ನು ಕಂಡ ಮನೆಯವರು ಸೈತಾನನ ಕಾಟವೆಂದು ಹೆದರಿ ಆಸ್ಪತ್ರೆಯ ಬದಲು ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ಯುವುದು ನಮ್ಮಲ್ಲಿ ಅಪರೂಪವಲ್ಲ. ಇದು ಈ ದಾರಿಯ ಅತ್ಯಂತ ಅಪಾಯಕಾರಿ ತಪ್ಪು. ಎರಡನೆಯದು, ಕುಡಿತ ನಿಲ್ಲಿಸಿದ ದಿನವೇ ಉಪವಾಸ ಪ್ರಾರ್ಥನೆ ಆರಂಭಿಸುವುದು. ದೀರ್ಘಕಾಲ ಕುಡಿದವರ ದೇಹದಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬಹಳ ಕಡಿಮೆಯಾಗಿರುತ್ತದೆ. ಅದರ ಮೇಲೆ ಊಟ ನೀರು ಬಿಟ್ಟರೆ ಮಿದುಳಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ. ಸಾಯಲು ಬಯಸಿ ಮರದಡಿ ಮಲಗಿದ್ದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಅವನು ಉಂಡು ಮಲಗಿದ ಮೇಲೆ ಮತ್ತೊಮ್ಮೆ ಎಬ್ಬಿಸಿ ಉಣ್ಣಿಸಿದನು. ದೇವರ ಮಾತು ಕೇಳಿಸಿದ್ದು ಅನಂತರ. ಅರಸುಗಳು ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಈ ವಾರ ಮನೆಯವರೆಲ್ಲ ಕೂತು ಓದಿಕೊಳ್ಳಿ. ಉಪವಾಸ ಮುಂದೆ ಬೇಕಾದರೆ ವೈದ್ಯರ ಒಪ್ಪಿಗೆಯ ಮೇಲೆ ನೋಡೋಣ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಬೇರೆ ಊರುಗಳವರು ಜಿಲ್ಲಾ ಆಸ್ಪತ್ರೆಯ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯರನ್ನು ಕಾಣಬಹುದು. ಕ್ರೈಸ್ತ ವಾತಾವರಣವಿರಲಿ ಎಂದು ಬಯಸುವವರಿಗೆ ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗಗಳಿವೆ. ವೈದ್ಯರಿಗೆ ನಾಲ್ಕು ಸಂಗತಿಗಳನ್ನು ಮುಚ್ಚಿಡದೆ ಹೇಳಿ: ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ನಾಚಿಕೆಯಿಂದ ಅರ್ಧಕ್ಕಿಳಿಸಿ ಹೇಳಿದರೆ ಔಷಧಿಯ ಪ್ರಮಾಣವೂ ಅರ್ಧಕ್ಕಿಳಿಯುತ್ತದೆ.

ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಲೂಕನೂ ವೈದ್ಯನಾಗಿದ್ದನು. ಡೈಸಲ್ಫಿರಾಮ್ ಎಂಬ ಮಾತ್ರೆಯ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಅದನ್ನು ತೆಗೆದುಕೊಳ್ಳುವವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಎರಡು ವಾರಗಳವರೆಗೂ ಈ ಅಪಾಯ ಇರುತ್ತದೆ. ಹತಾಶರಾದ ಮನೆಯವರು ಅದನ್ನು ಸಾರಿನಲ್ಲೋ ಚಹಾದಲ್ಲೋ ಗುಟ್ಟಾಗಿ ಬೆರೆಸುವುದುಂಟು. ಎಷ್ಟೇ ಪ್ರೀತಿಯಿಂದ ಮಾಡಿದರೂ ಅದು ಜೀವ ತೆಗೆಯಬಲ್ಲ ಕೆಲಸ.

ಒಳರೋಗಿಯಾಗಿ ಸೇರಿಸುವುದಾದರೆ ವ್ಯಸನಮುಕ್ತಿ ಕೇಂದ್ರದ ನೋಂದಣಿ ಪತ್ರವನ್ನು ಕೇಳಿ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕದ್ರವ್ಯದಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ ಮತ್ತು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸುತ್ತದೆ. ಕಟ್ಟಿಹಾಕುವ, ಹೊಡೆಯುವ, ಮಾತ್ರೆ ಕಸಿದುಕೊಳ್ಳುವ, ಮನೆಯವರ ಭೇಟಿಗೆ ಅಡ್ಡಿಪಡಿಸುವ ಜಾಗದ ಗೋಡೆಯ ಮೇಲೆ ಎಷ್ಟೇ ದೊಡ್ಡ ಶಿಲುಬೆ ಇದ್ದರೂ ಅಲ್ಲಿಂದ ನಿಮ್ಮವರನ್ನು ಹೊರಗೆ ಕರೆತನ್ನಿ.

ಹಂತ 2: ಒಬ್ಬರ ಮುಂದೆ ಪೂರ್ತಿ ನಿಜ ಹೇಳಿ

ದೇಹ ಸ್ಥಿಮಿತಕ್ಕೆ ಬಂದ ಮೇಲೆ, ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವಾರದಲ್ಲಿ, ಈ ಹೆಜ್ಜೆ ಬರುತ್ತದೆ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದ 16ನೆಯ ವಚನ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಬೇಕೆಂದು ಹೇಳಿ, ಗುಣವಾಗುವುದನ್ನು ಆ ಅರಿಕೆಯ ಜೊತೆಗೇ ಸೇರಿಸುತ್ತದೆ. ದೇವರ ಮುಂದೆ ಮಾತ್ರ ಹೇಳಿಕೊಂಡು ಮನುಷ್ಯರಿಂದ ಬಚ್ಚಿಟ್ಟ ಕುಡಿತ, ಬಚ್ಚಿಟ್ಟ ಕಡೆಯೇ ಮತ್ತೆ ಬೆಳೆಯುತ್ತದೆ.

ಹೇಳುವ ಮುನ್ನ ನೋಟ್‌ಬುಕ್‌ನಲ್ಲಿ ಬರೆಯಿರಿ. "ನಾನು ದೊಡ್ಡ ಪಾಪಿ" ಎಂಬ ಮಾತನ್ನು ಎಲ್ಲರೂ ಭಾನುವಾರ ಹೇಳುತ್ತಾರೆ, ಅದರಿಂದ ಏನೂ ಬಯಲಾಗುವುದಿಲ್ಲ. ಯಾರ ಒಡವೆ ಅಡವಿಟ್ಟಿರಿ, ಯಾರ ಮೇಲೆ ಕೈಮಾಡಿದಿರಿ, ಬಾಟಲಿಯನ್ನು ಎಲ್ಲಿ ಅಡಗಿಸುತ್ತಿದ್ದಿರಿ, ಕೆಲಸದ ಜಾಗದಲ್ಲಿ ಯಾವ ಸುಳ್ಳು ಹೇಳಿದಿರಿ ಎಂಬುದನ್ನು ಹೆಸರು ಮತ್ತು ಮೊತ್ತ ಸಹಿತ ಬರೆಯಿರಿ. ಇದು ಒಂದೇ ಕೂರಿಕೆಯಲ್ಲಿ ಮುಗಿಯದಿದ್ದರೆ ಚಿಂತೆಯಿಲ್ಲ.

ಕೇಳುವವರು ಯಾರಾಗಬೇಕು? ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಯಾರಿಗೂ ಹೇಳುವಂತಿಲ್ಲ. ಶನಿವಾರ ಸಂಜೆಯ ಸಾಲಿನಲ್ಲಿ ನಿಂತರೆ ಇದಕ್ಕೆ ಸಮಯ ಸಾಲದು, ಆದ್ದರಿಂದ ಮೊದಲೇ ಫಾದರ್ ಹತ್ತಿರ ಒಂದು ಗಂಟೆಯ ಸಮಯ ಕೇಳಿಕೊಳ್ಳಿ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಅಂಥ ಕಟ್ಟಳೆ ಎಲ್ಲೆಡೆ ಒಂದೇ ತೆರನಾಗಿ ಇಲ್ಲ. ಹಾಗಾಗಿ ಮಾತು ಆರಂಭಿಸುವ ಮುನ್ನವೇ "ಪಾಸ್ಟರ್, ಇದು ನಿಮ್ಮಲ್ಲೇ ಉಳಿಯುತ್ತದೆಯೇ?" ಎಂದು ನೇರವಾಗಿ ಕೇಳಿ. ನಿಮ್ಮ ವಿಷಯ ಮುಂದಿನ ಪ್ರಾರ್ಥನಾ ಕೂಟದ ಬೇಡಿಕೆಯಾಗಿ ಊರಿಗೆಲ್ಲ ತಿಳಿಯುವಂತಿದ್ದರೆ ಬೇರೆ ಹಿರಿಯರನ್ನು ಹುಡುಕಿ. ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಹೇಳಿಕೊಳ್ಳುವುದು ಒಳ್ಳೆಯದು. ಕುಡಿತಕ್ಕೆ ಸಿಲುಕಿದ ಹೆಣ್ಣುಮಕ್ಕಳು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರ ಮೇಲೆ ಬೀಳುವ ನಾಚಿಕೆಯ ಭಾರ ಹೆಚ್ಚು, ಅವರ ಮಾತು ಕೇಳುವ ಕಿವಿಗಳು ಕಡಿಮೆ. ಸಿಸ್ಟರ್‌ಗಳಾಗಲಿ, ಸಭೆಯ ಹಿರಿಯ ಅಮ್ಮಂದಿರಾಗಲಿ ಈ ಹೊಣೆ ಹೊರಲು ಮುಂದೆ ಬರಬೇಕೆಂಬುದು ನನ್ನ ಬಿನ್ನಹ.

ಹಂತ 3: ಪ್ರಾರ್ಥನೆಯನ್ನು ಕುಡಿಯುವ ಹೊತ್ತಿಗೇ ಇಟ್ಟುಕೊಳ್ಳಿ

ಹೆಚ್ಚಿನವರು ಬೆಳಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಪ್ರಾರ್ಥಿಸುವ ನಿರ್ಧಾರ ಮಾಡುತ್ತಾರೆ. ಆದರೆ ಅವರು ಕುಡಿಯಲು ಹೋಗುತ್ತಿದ್ದದ್ದು ಸಂಜೆ ಆರೂವರೆಗೆ. ಆ ಹೊತ್ತಿಗೆ ಬೆಳಗಿನ ಪ್ರಾರ್ಥನೆಯ ಬಲ ಕರಗಿ, ಕೆಲಸದ ದಣಿವು ಮೈತುಂಬಿರುತ್ತದೆ. ನಿಮ್ಮ ಕುಡಿತದ ಹೊತ್ತು ಯಾವುದೆಂದು ಗುರುತಿಸಿ, ಮುಖ್ಯ ಪ್ರಾರ್ಥನೆಯನ್ನು ಅದಕ್ಕಿಂತ ಅರ್ಧ ಗಂಟೆ ಮೊದಲು ಇಡಿ. ಬೆಳಗ್ಗೆ ಐದು ನಿಮಿಷ ಸಾಕು. ಅದರಲ್ಲಿ ಈ ಒಂದು ದಿನಕ್ಕೆ ಮಾತ್ರ ಬೇಡಿಕೊಳ್ಳಿ. ಜೀವಮಾನದ ಪ್ರತಿಜ್ಞೆ ಸದ್ಯಕ್ಕೆ ಬೇಡ.

ಸಂಜೆಯ ಪ್ರಾರ್ಥನೆ ಮನೆಮಂದಿಯ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಮಾಲೆ, ಅಲ್ಲಿಯವರು ತೇರ್ಸ್ ಎನ್ನುವುದು, ಇಂದಿಗೂ ಉಳಿದಿದೆ. ಅದನ್ನು ಸರಿಯಾಗಿ ಆ ಅಪಾಯದ ಹೊತ್ತಿಗೆ ತಂದುಕೊಳ್ಳಿ. ಬೇರೆಯವರು ಕೀರ್ತನೆಗಳನ್ನು ಗಟ್ಟಿಯಾಗಿ ಓದಬಹುದು: ಅಪರಾಧ ಭಾವ ಕಾಡಿದಾಗ 51, ತಳಮಟ್ಟ ಮುಟ್ಟಿದಂತೆನಿಸಿದಾಗ 130. ಯಾವ ಸಮಾಧಾನವೂ ಸಿಗದ ದಿನ 88ನೆಯ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ದೇವರಿಗೆ ಸಂತೋಷದ ಮುಖವನ್ನೇ ತೋರಿಸಬೇಕೆಂಬ ನಿಯಮವಿಲ್ಲ. ಕುಡಿತದ ನೆನಪು ಸಿಹಿಯಾಗಿ ತೋರುವಾಗ ಜ್ಞಾನೋಕ್ತಿಗಳು 23ರ 29ರಿಂದ 35ರವರೆಗೆ ಓದಿ. ಕೆಂಪು ಕಣ್ಣು, ಕಾರಣವಿಲ್ಲದ ಗಾಯ, ಎದ್ದ ಕೂಡಲೇ ಮತ್ತೆ ಅದನ್ನೇ ಹುಡುಕುವ ಮನುಷ್ಯ, ಎಲ್ಲವೂ ಅಲ್ಲಿವೆ.

ತೀವ್ರ ಬಯಕೆ ಎದ್ದಾಗ ಮಾಡಬೇಕಾದ್ದನ್ನು ಈಗಲೇ ಬರೆದಿಟ್ಟುಕೊಳ್ಳಿ. ಅಂಥ ಬಯಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಮೊದಲು ಏನಾದರೂ ತಿನ್ನಿ, ನೀರು ಕುಡಿಯಿರಿ. ಬಳಿಕ ಇರುವ ಜಾಗದಿಂದ ಎದ್ದು ಹೊರಡಿ, ಫೋನ್ ಮಾಡಿ, ಆಮೇಲೆ ಪ್ರಾರ್ಥಿಸಿ. ಪ್ರಾರ್ಥನೆಯನ್ನು ಕೊನೆಗೆ ಇಟ್ಟದ್ದನ್ನು ಕಂಡು ಕೆಲವರಿಗೆ ಬೇಸರವಾಗಬಹುದು. ಆದರೆ ಬಾರಿನ ಎದುರು ನಿಂತೇ ಪ್ರಾರ್ಥಿಸುತ್ತಾ ಒಳಗೆ ಹೋದವರು ಬಹಳ ಮಂದಿ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 10ನೆಯ ಅಧ್ಯಾಯದ 13ನೆಯ ವಚನ, ದೇವರು ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ಮಾರ್ಗವನ್ನೂ ಸಿದ್ಧಪಡಿಸುತ್ತಾನೆ ಎನ್ನುತ್ತದೆ. ಆ ಮಾರ್ಗದಲ್ಲಿ ಕಾಲು ಹಾಕಬೇಕಾದವರು ನಾವೇ.

ಹಂತ 4: ಖಾಲಿಯಾದ ಮನೆಯನ್ನು ತುಂಬಿಸಿ

ಮತ್ತಾಯನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಮಾತೊಂದಿದೆ. ಬಿಟ್ಟುಹೋದ ದುರಾತ್ಮ ಮರಳಿ ಬಂದಾಗ ಮನೆ ಗುಡಿಸಿ ಅಣಿಗೊಳಿಸಿ ಖಾಲಿಯಾಗಿದ್ದುದನ್ನು ಕಂಡು, ತನಗಿಂತ ಕೆಟ್ಟ ಏಳು ಆತ್ಮಗಳನ್ನು ಕರೆತರುತ್ತದೆ. ತಪಸ್ಸುಕಾಲದ 40 ದಿನ ಒಂದು ಹನಿಯನ್ನೂ ಮುಟ್ಟದೆ ಈಸ್ಟರ್ ದಿನವೇ ಹಿಂದಿಗಿಂತ ಹೆಚ್ಚು ಕುಡಿಯುವವರಲ್ಲಿ ನಡೆಯುವುದು ಇದೇ. ಕುಡಿತ ಹೋಗಿರುತ್ತದೆ, ಅದರ ಜಾಗಕ್ಕೆ ಏನೂ ಬಂದಿರುವುದಿಲ್ಲ.

ವಾರಕ್ಕೊಮ್ಮೆ ಚರ್ಚಿಗೆ ಹೋಗುವುದರಿಂದ ಆ ಜಾಗ ತುಂಬುವುದಿಲ್ಲ. ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ ಸಭೆಗಳಿಗೆ ಹೋಗಿ. ಸಾಧ್ಯವಾದರೆ ಮೊದಲ ಮೂರು ತಿಂಗಳು ವಾರಕ್ಕೆ ಹಲವು ಸಲ ಹೋಗಿ. ಅಲ್ಲಿ ಶುಲ್ಕವಿಲ್ಲ, ಹಾಜರಿ ಪಟ್ಟಿಯಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. "ನಾವು ಅರಿತುಕೊಂಡ ದೇವರು" ಎಂಬ ಅವರ ಮಾತು ಕೇಳಿ ಕೆಲವು ವಿಶ್ವಾಸಿಗಳು ಹಿಂಜರಿಯುತ್ತಾರೆ. 1935ರಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ ಅದನ್ನು ಆರಂಭಿಸಿದ ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಲ್ಲಿ ಪಳಗಿದವರು. ಅರಿಕೆ, ತಿದ್ದುಪಡಿ, ಪ್ರಾರ್ಥನೆ ಎಂಬ ಅದರ ಹೆಜ್ಜೆಗಳು ನಮಗೆ ಪರಕೀಯವಲ್ಲ. ಪಕ್ಕದಲ್ಲಿ ಕೂತವರು ಬೇರೆ ಧರ್ಮದವರಾಗಿರಬಹುದು, ಆದರೆ ಕೈನಡುಕ ಎಲ್ಲರಿಗೂ ಒಂದೇ. ಮನೆಯವರಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪಿದೆ.

ಚರ್ಚಿನಲ್ಲಿ ಒಂದು ಚಿಕ್ಕ ಕೈಕೆಲಸ ಕೇಳಿಕೊಳ್ಳಿ: ಕುರ್ಚಿ ಜೋಡಿಸುವುದು, ಸ್ಮಶಾನ ಸ್ವಚ್ಛಗೊಳಿಸುವುದು, ರೋಗಿಗಳ ಮನೆಗೆ ಊಟ ಮುಟ್ಟಿಸುವುದು. ಕಾಣಿಕೆಯ ಹಣ ಎಣಿಸುವ ಹೊಣೆ ಮತ್ತು ಯುವಜನರಿಗೆ ಉಪದೇಶಿಸುವ ಹೊಣೆ ಎರಡನ್ನೂ ಈ ವರ್ಷ ಒಪ್ಪಿಕೊಳ್ಳಬೇಡಿ.

ಹಂತ 5: ಹಣ, ಸಾಲ, ತಿದ್ದುಪಡಿ

ಜಕ್ಕಾಯನು ಯೇಸುವಿಗೆ ಹೇಳಿದ ಮಾತು ಲೆಕ್ಕದ್ದಾಗಿತ್ತು: ಅನ್ಯಾಯವಾಗಿ ಕಸಿದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ನಿಮ್ಮ ಹತ್ತಿರ ನಾಲ್ಕರಷ್ಟು ಇಲ್ಲದಿರಬಹುದು. ನಿಮಗೆ ಸಾಲ ಕೊಟ್ಟವರ ಪಟ್ಟಿ ಮಾಡಿ, ಪ್ರತಿ ತಿಂಗಳು ಎಷ್ಟು ಕೊಡಬಲ್ಲಿರೆಂದು ಮನೆಯವರ ಜೊತೆ ಕೂತು ಬರೆದು, ಮೊದಲು ಬಡವರಿಗೆ ತೀರಿಸಿ. ಸಂಬಳ ನೇರವಾಗಿ ಮನೆಯವರ ಖಾತೆಗೆ ಹೋಗಲಿ. ಫೋನಿನಲ್ಲಿ ಹಣ ಕಳಿಸುವ ಆ್ಯಪ್‌ಗಳನ್ನು ಆರು ತಿಂಗಳು ತೆಗೆದುಹಾಕಿ.

ಹೆಂಡತಿ ಮಕ್ಕಳ ಹತ್ತಿರ ಕ್ಷಮೆ ಕೇಳುವಾಗ ಎಚ್ಚರ ಬೇಕು. "ದೇವರೇ ಕ್ಷಮಿಸಿದ್ದಾನೆ, ನೀನೇಕೆ ಕ್ಷಮಿಸುವುದಿಲ್ಲ?" ಎಂಬ ಮಾತು ಎಂದಿಗೂ ಬಾಯಿಂದ ಬರಕೂಡದು. ಕ್ಷಮಿಸುವ ಸಮಯವನ್ನು ನಿರ್ಧರಿಸುವವರು ನೋವುಂಡವರು. ಸಭಾಪಾಲಕರಿಗೂ ಗುರುಗಳಿಗೂ ಒಂದು ಮಾತು: ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ ಹೆಂಡತಿಗೆ ತಾಳ್ಮೆಯನ್ನು ಬೋಧಿಸಿ ಹಿಂದಕ್ಕೆ ಕಳಿಸಬೇಡಿ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭಕ್ಕೆ 112. ಗಂಡನ ಚೇತರಿಕೆಗಾಗಿ ಯಾವ ಹೆಣ್ಣೂ ಅಪಾಯದಲ್ಲಿ ಬದುಕಬೇಕಾಗಿಲ್ಲ.

ಹಂತ 6: ಹಬ್ಬ, ಮದುವೆ ಮತ್ತು ಪವಿತ್ರ ಭೋಜನ

ನಮ್ಮ ಸಮುದಾಯದಲ್ಲಿ ಅತಿ ಹೆಚ್ಚು ಮಂದಿ ಜಾರುವುದು ಇಲ್ಲಿ. ಕ್ರಿಸ್ಮಸ್‌ಗೆ ಮನೆಯಲ್ಲೇ ಮಾಡಿದ ವೈನ್, ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕ್, ಕರಾವಳಿಯ ಮದುವೆಯ ಹಿಂದಿನ ರಾತ್ರಿಯ ರೋಸ್ ಎಂಬ ಸಮಾರಂಭ, ಮದುವೆಯ ದಿನದ ಟೋಸ್ಟ್, ಎಲ್ಲವೂ ಚರ್ಚಿನ ಆಶೀರ್ವಾದದ ನೆರಳಲ್ಲೇ ನಡೆಯುತ್ತವೆ. "ಒಂದು ಗುಟುಕಿಗೆ ಏನಾಗುತ್ತದೆ, ಕಾನಾ ಊರಿನ ಮದುವೆಯಲ್ಲಿ ಯೇಸುವೇ ಕೊಡಲಿಲ್ಲವೇ?" ಎನ್ನುವ ಸೋದರಮಾವ ಪ್ರತಿ ಮನೆಯಲ್ಲೂ ಇದ್ದಾರೆ. ಮೊದಲ ವರ್ಷ ರೋಸ್‌ಗೆ ಹೋಗಬೇಡಿ. ಮದುವೆಯ ಪೂಜೆಗೆ ಹೋಗಿ, ವಧೂವರರನ್ನು ಹರಸಿ, ಊಟಕ್ಕೆ ಮುನ್ನ ಹೊರಡಿ. ಹೋಗಲೇಬೇಕಾದರೆ ವಿಷಯ ತಿಳಿದ ಒಬ್ಬರ ಜೊತೆ ಹೋಗಿ. ನಿಮ್ಮ ಲೋಟದಲ್ಲಿ ಮೊದಲಿಂದಲೇ ನಿಂಬೆ ಶರಬತ್ತು ಇರಲಿ. ವಾಪಸು ಬರುವ ವಾಹನ ನಿಮ್ಮ ಕೈಯಲ್ಲಿರಲಿ.

ಪವಿತ್ರ ಭೋಜನದ ದ್ರಾಕ್ಷಾರಸದ ಬಗ್ಗೆ ಬಹಳ ಮಂದಿ ಕೇಳಲು ಸಂಕೋಚಪಡುತ್ತಾರೆ. ಕಥೋಲಿಕ ಬೋಧನೆಯ ಪ್ರಕಾರ ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಕ್ರಿಸ್ತನನ್ನು ಪೂರ್ಣವಾಗಿ ಸ್ವೀಕರಿಸಿದಂತೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಹಲವು ಕಡೆ ಹುಳಿಯದ ದ್ರಾಕ್ಷಿರಸ ಬಳಸುತ್ತಾರೆ. ನಿಮ್ಮ ಸಭೆಯಲ್ಲಿ ಬಳಸುವುದು ಯಾವುದೆಂದು ಪಾಸ್ಟರ್ ಅವರಲ್ಲಿ ವಿಚಾರಿಸಿ, ಮದ್ಯಾಂಶವಿದ್ದರೆ ಪಾತ್ರೆಯನ್ನು ಮುಂದಿನವರಿಗೆ ದಾಟಿಸಿ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿರುವವರಿಗೆ ಒಂದು ಗುಟುಕೂ ಬೇಡ. ಕೆಲವು ಕೆಮ್ಮಿನ ಸಿರಪ್ ಮತ್ತು ಟಾನಿಕ್‌ಗಳಲ್ಲೂ ಮದ್ಯಾಂಶವಿರುತ್ತದೆ, ಲೇಬಲ್ ಓದಿ ಕೊಳ್ಳಿ.

ಹಂತ 7: ಜಾರುವ ಮುನ್ನ ಕಾಣುವ ಗುರುತುಗಳು, ಜಾರಿದರೆ ಮೊದಲ ದಿನ

ಲೋಟ ಕೈಗೆ ಬರುವ ಎಷ್ಟೋ ದಿನ ಮೊದಲೇ ಜಾರುವಿಕೆ ಆರಂಭವಾಗಿರುತ್ತದೆ. ಹಸಿವು, ಕೋಪ, ಒಂಟಿತನ, ದಣಿವು ಎಂಬ ನಾಲ್ಕರಲ್ಲಿ ಎರಡು ಒಟ್ಟಿಗೆ ಇದ್ದರೆ ಅದು ಎಚ್ಚರಿಕೆ. ಗುಂಪಿನ ಸಭೆ ತಪ್ಪಿಸಲು ಪ್ರಾರ್ಥನಾ ಕೂಟವನ್ನು ನೆಪವಾಗಿಸುವುದು, ಹಳೆಯ ಗೆಳೆಯರನ್ನು ರಕ್ಷಣೆಗೆ ನಡೆಸುತ್ತೇನೆಂದು ಬಾರಿಗೆ ಹೋಗುವುದು, ತಿಮೊಥೆಯನಿಗೆ ಹೊಟ್ಟೆಯ ಬೇನೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ಪೌಲನು ಬರೆದ ವಚನವನ್ನು ಪದೇ ಪದೇ ನೆನೆಯುವುದು, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ "ನಾನು ಪೂರ್ಣವಾಗಿ ಗುಣವಾಗಿದ್ದೇನೆ" ಎನ್ನುವುದು, ಇವು ವಿಶ್ವಾಸಿಗಳಲ್ಲಿಯೇ ವಿಶೇಷವಾಗಿ ಕಾಣುವ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಹಂತ 2ರಲ್ಲಿ ಆರಿಸಿಕೊಂಡ ವ್ಯಕ್ತಿಗೆ ಅದೇ ದಿನ ಹೇಳಿ.

ಜಾರಿಬಿಟ್ಟರೆ ಅದೇ ರಾತ್ರಿ ಫೋನ್ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ. ಹಲವು ದಿನ ಕುಡಿದಿದ್ದರೆ ತಾನಾಗಿಯೇ ನಿಲ್ಲಿಸಲು ಹೋಗದೆ ಹಂತ 1ಕ್ಕೆ, ಅಂದರೆ ವೈದ್ಯರ ಬಳಿಗೆ, ಮರಳಿ. ಅಫೀಮಿನ ಜಾತಿಯ ಮಾದಕದ್ರವ್ಯ ಬಿಟ್ಟವರು ಜಾರಿದಾಗ ಹಳೆಯ ಪ್ರಮಾಣವನ್ನೇ ತೆಗೆದುಕೊಂಡು ಸಾಯುವ ಅಪಾಯವಿದೆ, ಏಕೆಂದರೆ ತಾಳಿಕೊಳ್ಳುವ ಶಕ್ತಿ ಅಷ್ಟರಲ್ಲಿ ಇಳಿದಿರುತ್ತದೆ. ಭಾನುವಾರ ಎಂದಿನಂತೆ ಚರ್ಚಿಗೆ ಹೋಗಿ. ಮೂರು ಸಲ ಅಲ್ಲಗಳೆದ ಪೇತ್ರನಿಗೆ ಯೇಸು ದಡದಲ್ಲಿ ಬೆಂಕಿ ಹೊತ್ತಿಸಿ ಮೀನು ಬೇಯಿಸಿ ಮೊದಲು ಊಟ ಕೊಟ್ಟನು, ಪ್ರಶ್ನೆ ಕೇಳಿದ್ದು ಊಟವಾದ ಮೇಲೆ. ಸಭೆಯವರೂ ಆ ಕ್ರಮವನ್ನು ಪಾಲಿಸಿದರೆ ನಾಚಿಕೆಯಿಂದ ದೂರವಾದ ಅನೇಕರು ಮರಳಿ ಬರುತ್ತಾರೆ.

ಹಂತ 8: ಸಾಕ್ಷಿ ಕೊನೆಗೆ

ಐರ್ಲೆಂಡಿನ ಡಬ್ಲಿನ್‌ನ ಕೂಲಿ ಕಾರ್ಮಿಕ ಮ್ಯಾಟ್ ಟಾಲ್ಬಟ್ 1884ರಲ್ಲಿ ಮೊದಲು ಮೂರು ತಿಂಗಳಿಗೆ ಮಾತ್ರ ಕುಡಿತ ಬಿಡುವ ಪ್ರತಿಜ್ಞೆ ಮಾಡಿದನು, ಆಮೇಲೆ ಆರು ತಿಂಗಳಿಗೆ, ಕೊನೆಗೆ ಜೀವಮಾನಕ್ಕೆ. 1925ರಲ್ಲಿ ಸಾಯುವವರೆಗೂ ಅದನ್ನು ಉಳಿಸಿಕೊಂಡನು. ಕಥೋಲಿಕ ಧರ್ಮಸಭೆ ಅವನನ್ನು ಪೂಜ್ಯನೆಂದು ಘೋಷಿಸಿದ್ದು 1975ರಲ್ಲಿ. ವೇದಿಕೆ ಹತ್ತಲು ನಿಮಗೂ ಅವಸರ ಬೇಡ. ಕನಿಷ್ಠ ಒಂದು ವರ್ಷ ಕಳೆಯುವವರೆಗೆ, ಯಾರೇ ಒತ್ತಾಯಿಸಿದರೂ, ಸಭೆಯ ಮುಂದೆ ನಿಂತು ಬಿಡುಗಡೆಯ ಸಾಕ್ಷಿ ಹೇಳಬೇಡಿ. ಚಪ್ಪಾಳೆಯ ನಂತರ ಜಾರಿದವರಿಗೆ ಮತ್ತೆ ಸಹಾಯ ಕೇಳುವುದು ಎರಡರಷ್ಟು ಕಷ್ಟ. ಪಾಸ್ಟರ್ ಒತ್ತಾಯಿಸಿದರೆ "ಅಯ್ಯನವರೇ, ಇನ್ನೂ ಸಮಯ ಬೇಕು, ನನಗಾಗಿ ಪ್ರಾರ್ಥಿಸಿ" ಎಂದಷ್ಟೇ ಹೇಳಿ ಕೂತುಕೊಳ್ಳಿ.

ವರ್ಷದ ಬಳಿಕ ಹೇಳುವುದಾದರೆ, ಹೇಳಬೇಕಾದದ್ದನ್ನು ಮೊದಲೇ ಬರೆದು ಮನೆಯವರಿಗೆ ಓದಿಸಿ. ಅವರ ನೋವಿನ ವಿವರಗಳು ಅವರಿಗೆ ಸೇರಿದ್ದು, ಅವರ ಒಪ್ಪಿಗೆಯಿಲ್ಲದೆ ಆಡಬೇಡಿ. ಆಸ್ಪತ್ರೆಗೆ ಹೋದದ್ದನ್ನೂ ಮಾತ್ರೆ ನುಂಗಿದ್ದನ್ನೂ ಬಿಟ್ಟು ಹೇಳಬೇಡಿ, ಏಕೆಂದರೆ ಹಿಂದಿನ ಸಾಲಿನಲ್ಲಿ ಕೈನಡುಕ ಮುಚ್ಚಿಕೊಂಡು ಕೂತವರಿಗೆ ಮೊದಲು ತಿಳಿಯಬೇಕಾದ ಸಂಗತಿ ಅದೇ. ಹೆಂಡತಿಯೋ ಗಂಡನೋ ಮಕ್ಕಳೋ "ಈಗ ಬೇಡ" ಎಂದರೆ ಆ ಕಾಗದವನ್ನು ಮಡಚಿ ಬೈಬಲ್‌ನೊಳಗೆ ಇಟ್ಟು, ಮುಂದಿನ ವರ್ಷ ಮತ್ತೆ ಕೇಳಿ.